ವಿಯೆಟ್ನಾಮಿನಿಂದ ತಮ್ಮನಿಗೆ ಹೇಳಿದ ಮಾತು

ಬೆಂಗಳೂರು, ವಿಮಾನ ನಿಲ್ದಾಣ

ವಿಯೆಟ್ನಾಮಿಗೆ ಹೋಗಿ ಬಂದವಳು ಎಂದು ಸಂತೆಯಲ್ಲಿ ಸಿಕ್ಕವರೆಲ್ಲ ನನ್ನನ್ನು ನಿಲ್ಲಿಸಿ ಕೇಳುತ್ತಾರೆ. ಅಲ್ಲಿ ಹಾವು ತಿನ್ನುತ್ತಾರಂತೆ, ಹೌದಾ? ಮೆಣಸು ಹೇಗಿದೆ? ಊಟಕ್ಕೆ ಏನು ಮಾಡಿದಿರಿ? ನಾನು ಬಾಯಿಗೆ ಬಂದದ್ದು ಹೇಳಿ ಕಳಿಸುತ್ತೇನೆ. ಆ ಪ್ರವಾಸದಲ್ಲಿ ನಿಜವಾಗಿ ಆದದ್ದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಬರೆದಾದರೂ ಹಗುರಾಗೋಣವೆಂದು ಕೂತಿದ್ದೇನೆ.

ನಾನು ಶನಿವಾರಸಂತೆಯ ಪಕ್ಕದವಳು. ಗಂಡ ತೀರಿಕೊಂಡ ಮೇಲೆ ಆರು ಎಕರೆ ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು, ಎಲ್ಲವೂ ನನ್ನ ತಲೆಯ ಮೇಲೆ. ಬಾಯಿ ಜೋರು ಎಂದು ಹೆಸರು ಪಡೆದಿದ್ದೇನೆ. ಆ ಹೆಸರನ್ನು ಸುಮ್ಮನೆ ಯಾರೂ ಕೊಟ್ಟಿಲ್ಲ. ಕೊಡಗಿನ ಬೆಳೆಗಾರರು ಹದಿನೆಂಟು ಜನ ಸೇರಿ ವಿಯೆಟ್ನಾಮಿನ ಮೆಣಸಿನ ತೋಟ ನೋಡಲು ಹೊರಟಾಗ, ಕುಶಾಲನಗರದ ದಿನೇಶ ನನ್ನನ್ನೂ ಎಳೆದುಕೊಂಡ. ದಿನೇಶ ಮೆಣಸಿನ ವ್ಯಾಪಾರಿ. ಅವನ ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆತನ. ಎಷ್ಟೋ ವರ್ಷದಿಂದ ನನ್ನ ಮೆಣಸು ಹೋಗುವುದು ಅವನ ಅಂಗಡಿಗೇ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಮಾತ್ರ ಹಿಡಿತವಿಲ್ಲ. ಯಾರನ್ನಾದರೂ ನಗಿಸದೆ ಅವನಿಗೆ ಊಟ ಸೇರುವುದಿಲ್ಲ.

ನಮ್ಮದು ಲಿಂಗ ಕಟ್ಟುವ ಮನೆ. ಮಗುವಾಗಿದ್ದಾಗ ಕೊರಳಿಗೆ ಬಂದ ಇಷ್ಟಲಿಂಗ ಮಣ್ಣಿಗೆ ಹೋಗುವ ದಿನವೂ ಜೊತೆಗೇ ಬರಬೇಕು, ನಡುವೆ ಮೈಯಿಂದ ಬೇರೆಯಾಗಬಾರದು. ನನ್ನದು ಅಜ್ಜಿ ಕೊಟ್ಟ ಬೆಳ್ಳಿಯ ಕರಡಿಗೆಯಲ್ಲಿ, ಮೊಟ್ಟೆಯಾಕಾರದ ಆ ಪುಟ್ಟ ಭರಣಿಯೊಳಗೆ, ಎದೆಯ ಮೇಲೆ ಇರುತ್ತದೆ. ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ಮುಂದಿದ್ದವರೆಲ್ಲ ಬೆಲ್ಟು, ವಾಚು ಬಿಚ್ಚಿ ಟ್ರೇಗೆ ಹಾಕುತ್ತಿದ್ದರು. ನನಗೆ ಗಾಬರಿ. ಯಂತ್ರ ಕೂಗಿಕೊಂಡು, ಪೊಲೀಸಮ್ಮ ಎಲ್ಲರೆದುರು ಸೆರಗು ಸರಿಸು ಎಂದರೆ? ಯಾರೂ ಕೇಳುವ ಮೊದಲೇ ಶಿವದಾರವನ್ನು ತಲೆಯ ಮೇಲಿಂದ ತೆಗೆದು ಕರಡಿಗೆಯನ್ನು ಟ್ರೇಯಲ್ಲಿಟ್ಟೆ. ಅದೇ ಟ್ರೇಯಲ್ಲಿ ನನ್ನ ಚಪ್ಪಲಿಯೂ ಇತ್ತೆಂದು ಅದು ಯಂತ್ರದೊಳಗೆ ಹೋದ ಮೇಲೆ ಹೊಳೆಯಿತು.

"ಏನಕ್ಕ ಅದು, ಬೆಳ್ಳಿ ಮೊಟ್ಟೆ? ಮರಿ ಮಾಡುತ್ತಾ?" ಎಂದ ಹಿಂದಿದ್ದ ದಿನೇಶ. ಸಾಲಿನಲ್ಲಿದ್ದ ನಮ್ಮವರು ನಕ್ಕರು. ಚಪ್ಪಲಿಯ ನಾಚಿಕೆಯನ್ನು ಮುಚ್ಚಿಕೊಳ್ಳಲು ನಾನೂ ನಕ್ಕೆ.

ಬುವಾನ್ ಮಾ ಥುವಾಟ್, ಮೊದಲ ದಿನ

ವಿಯೆಟ್ನಾಮಿನ ಈ ಕಾಫಿ ಸೀಮೆಯ ಊರಿನಲ್ಲಿ ಇಳಿದಾಗ ಮೋಡ ಕವಿದಿತ್ತು. ಮಣ್ಣು ನಮ್ಮದಕ್ಕಿಂತ ಕೆಂಪು. ರಸ್ತೆಯ ತುಂಬ ಸ್ಕೂಟರು, ಒಂದೊಂದರ ಮೇಲೂ ಒಂದು ಸಂಸಾರ. ಬೀದಿ ಬದಿಯ ಕಾಫಿ ಅಂಗಡಿಗಳಲ್ಲಿ ಜನ ನಮ್ಮ ಬಚ್ಚಲಮನೆಯ ಮಣೆಯಷ್ಟೇ ಎತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮಂಡಿ ಮಡಿಸಿ ಕೂತಿರುತ್ತಾರೆ. ಯಾರಿಗೂ ಅವಸರವಿಲ್ಲ. ಲೋಟದ ಮೇಲೊಂದು ತಗಡಿನ ಶೋಧಕ ಇಟ್ಟು, ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುವುದನ್ನು ನೋಡುತ್ತ ಕೂರುತ್ತಾರೆ.

"ಇದು ಇಳಿಯೋ ಅಷ್ಟ್ರಲ್ಲಿ ನಾನು ಮನೇಲಿ ಎರಡು ಸಲ ಕಾಫಿ ಕುಡಿದು ಲೋಟ ತೊಳೆದಿಟ್ಟಿರ್ತಿದ್ದೆ ಮಾರಾಯ್ತಿ" ಎಂದಳು ಬೋಜಮ್ಮ. ಹುದಿಕೇರಿಯ ಈ ಕೊಡವ ಹೆಂಗಸು ಪ್ರವಾಸದುದ್ದಕ್ಕೂ ನನ್ನ ಕೋಣೆಯ ಜೊತೆಗಾತಿ.

ಮಧ್ಯಾಹ್ನ ಊಟಕ್ಕೆ ಬರೀ ಸೊಪ್ಪು, ಅನ್ನ ಸಾಕೆಂದು ಕೈಸನ್ನೆ ಮಾಡಿ ಹೇಳಿದೆ. ಅರ್ಧ ತಟ್ಟೆ ಸೊಪ್ಪು ತಿಂದು, ಉಪ್ಪು ಹದವಾಗಿದೆ ಎಂದು ಹೊಗಳಿಯೂ ಆದ ಮೇಲೆ, ನಮ್ಮನ್ನು ಸುತ್ತಾಡಿಸುತ್ತಿದ್ದ ಲಾನ್ ಎಂಬ ಹೆಂಗಸು ಆ ಉಪ್ಪಿನ ರುಚಿ ಮೀನು ಕೊಳೆಸಿ ತೆಗೆದ ರಸದ್ದು ಎಂದು ಮೆಲ್ಲಗೆ ತಿಳಿಸಿದಳು. ಹೊರಗೆ ಓಡಿ ಬಾಯಿ ತೊಳೆದುಕೊಂಡೆ. ಸಿಟ್ಟು ಬಂದರೂ ಯಾರ ಮೇಲೆ ಮಾಡುವುದು? ಕೇಳದೆ ತಿಂದವಳು ನಾನು. ದಿನೇಶ ಎಲ್ಲಿಗೋ ಹೋಗಿ ಒಂದು ಚಿಪ್ಪು ಬಾಳೆಹಣ್ಣು ತಂದು ನನ್ನ ಮಡಿಲಿಗಿಟ್ಟ. "ಇದ್ರೊಳಗೆ ಮೀನಿಲ್ಲ ಗಿರಿಜಕ್ಕ, ಸುಲಿದು ನೋಡಿ ಬೇಕಾದ್ರೆ" ಎಂದ. ಅವನು ಅಂಥವನೂ ಹೌದು. ಇದನ್ನು ಹೇಳದಿದ್ದರೆ ನಾನು ಸುಳ್ಳುಗಾರ್ತಿಯಾಗುತ್ತೇನೆ.

ಆಮೇಲೆ ತೋಟಕ್ಕೆ ಹೋದೆವು. ನಮ್ಮಲ್ಲಿ ಮೆಣಸು ಸಿಲ್ವರ್ ಓಕನ್ನೋ ಹಾಲುವಾಣದ ಮರವನ್ನೋ ಹಿಡಿದು ಏರುತ್ತದೆ. ಅಲ್ಲಿ ಅದಕ್ಕೆಂದೇ ಇಟ್ಟಿಗೆಯ ಕಂಬ ಕಟ್ಟಿದ್ದಾರೆ. ನಾವು ನೋಡಿದ ಮೊದಲ ತೋಟದಲ್ಲಿ ಕಂಬಗಳಿದ್ದವು, ಬಳ್ಳಿಯಿರಲಿಲ್ಲ. ಸೊರಗು ರೋಗ ಬಂದು ಎರಡೇ ಮಳೆಗಾಲದಲ್ಲಿ ಎಲ್ಲ ಹೋಯಿತಂತೆ. ಗುಡ್ಡದ ಉದ್ದಕ್ಕೂ ಸಾಲು ಸಾಲು ಬರಿಯ ಕಂಬ, ಅವುಗಳ ಮೇಲೆ ಸೋನೆ ಮಳೆ. ತೋಟದವನು ನಮ್ಮ ಜೊತೆ ನಡೆಯುತ್ತ ಒಂದು ಕಂಬವನ್ನು ಸುಮ್ಮನೆ ತಟ್ಟಿದ. ನಮ್ಮ ತೋಟಗಳಲ್ಲೂ ಅದೇ ರೋಗ ಕಾಲಿಟ್ಟಿದೆ.

ಹೋವಾ ಅವರ ಮನೆ

ಅವತ್ತು ಉಳಿದುಕೊಂಡದ್ದು ಹೋವಾ ಎಂಬ ರೈತ ಹೆಂಗಸಿನ ಮನೆಯಲ್ಲಿ. ವಯಸ್ಸು ನನ್ನಷ್ಟೇ ಇರಬಹುದು, ಅಂಗೈ ನನ್ನದರಷ್ಟೇ ಒರಟು. ನಡುಮನೆಯಲ್ಲಿ ಎತ್ತರದ ಕಪಾಟಿನ ಮೇಲೆ ಸತ್ತ ಹಿರಿಯರ ಫೋಟೋಗಳು, ಊದುಬತ್ತಿ, ಹಣ್ಣು. ಅವರಿಗೆ ಅದೇ ದೇವರ ಮನೆ. ಒಬ್ಬ ಮುದುಕರ ಫೋಟೋದ ಮುಂದೆ ಎರಡು ಬಿಯರ್ ಡಬ್ಬ ಮತ್ತು ಒಂದು ಪ್ಯಾಕೆಟ್ ಸಿಗರೇಟು ಇಟ್ಟಿದ್ದರು.

"ಓಹೋ, ಇವರ ದೇವರು ನಮ್ಮ ಪಾರ್ಟಿ!" ಎಂದ ದಿನೇಶ. "ಸೈಡಿಗೆ ಸ್ವಲ್ಪ ಹುರಿಗಡಲೆ ಇಟ್ಟಿದ್ರೆ ಪೂಜೆ ಪೂರ್ತಿ ಆಗ್ತಿತ್ತು."

ಎಲ್ಲರೂ ನಕ್ಕೆವು. ನಾನೂ ನಕ್ಕೆ, ಈ ಸಲ ನಾಚಿಕೆಗಲ್ಲ, ನಗು ಬಂದದ್ದಕ್ಕೇ. ಹೋವಾ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಏನೆಂದು ಲಾನ್‌ಳನ್ನು ಕೇಳಿದರು. ಲಾನ್ ತಡವರಿಸಿ ಏನೋ ಹೇಳಿದಳು. ಹೋವಾ ಮುಖ ಗಂಟಿಕ್ಕಲಿಲ್ಲ. ಒಂದು ಬಟ್ಟೆ ತಂದು ಫೋಟೋದ ಗಾಜು ಒರೆಸುತ್ತ ನಿಧಾನವಾಗಿ ಮಾತಾಡಿದರು, ಲಾನ್ ಇಂಗ್ಲಿಷಿನಲ್ಲಿ ನಮಗೆ ತಿಳಿಸಿದಳು. ಫೋಟೋದಲ್ಲಿರುವವರು ಇವರ ತಂದೆ. ಬಿಯರ್ ಅಂದರೆ ಆಸೆ. ಕಡೆಯ ಎರಡು ವರ್ಷ ಡಾಕ್ಟರ ಮಾತು ಕೇಳಿ ಮಗಳೇ ಕುಡಿಯಲು ಬಿಡಲಿಲ್ಲ. ಈಗ ಕೊಡುತ್ತಿದ್ದಾರೆ.

ಅಷ್ಟು ಹೇಳಿ ನಮಗೆ ಚಹಾ ತರಲು ಒಳಗೆ ಹೋದರು. ದಿನೇಶ ಚಪ್ಪಲಿ ಹುಡುಕುವ ನೆಪದಲ್ಲಿ ಅಂಗಳಕ್ಕಿಳಿದ.

ಹೋವಾ ಅವರ ಜಗಲಿ, ಬೆಳಿಗ್ಗೆ

ಬೋಜಮ್ಮ ಇನ್ನೂ ಮಲಗಿದ್ದಳು. ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ಜಗಲಿಯ ಮೂಲೆಯಲ್ಲಿ ಪೂಜೆಗೆ ಕೂತೆ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ನೀರೆರೆದು, ಊರಿಂದ ಡಬ್ಬಿಯಲ್ಲಿ ತಂದ ಒಣಗಿದ ಬಿಲ್ವಪತ್ರೆ ಏರಿಸಿ, ಕಣ್ಣು ಕದಲಿಸದೆ ನೋಡುತ್ತ ಕೂರುವುದು ನಮ್ಮ ಪೂಜೆ. ಬೇರೇನೂ ಇಲ್ಲ. ನಾನು ದಿನವಿಡೀ ಬಾಯಿ ಮುಚ್ಚಿಕೊಂಡಿರುವ ಗಳಿಗೆ ಅದೊಂದೇ. ಹಿಂದಿನಿಂದ ಯಾರೋ ಪಿಸುಗುಟ್ಟಿ ನಕ್ಕದ್ದು ಕೇಳಿಸಿತು. ತಿರುಗಲಿಲ್ಲ, ತಿರುಗುವ ಹಾಗಿಲ್ಲ.

ಬಸ್ಸು ಹೊರಟ ಮೇಲೆ ಬೋಜಮ್ಮ ತನ್ನ ಮೊಬೈಲನ್ನು ನನ್ನ ಕೈಗಿಟ್ಟಳು. "ಎಂಥ ಇದು ಗಿರಿಜಾ? ನೋಡಿದ್ದೀಯಾ? ನಮ್ಮ ಪ್ಲಾಂಟರ್ಸ್ ಗ್ರೂಪಿಗೂ ಬಂದಿದೆ."

ವಿಡಿಯೋದಲ್ಲಿ ನಾನಿದ್ದೆ. ಬಗ್ಗಿದ ಬೆನ್ನು, ಚಾಚಿದ ಅಂಗೈ. ದಿನೇಶನ ದನಿ ಕ್ರಿಕೆಟ್ ಕಾಮೆಂಟರಿಯ ಹಾಗೆ ಹೇಳುತ್ತಿತ್ತು: "ನೋಡಿ ಸ್ನೇಹಿತರೇ, ನಮ್ಮ ಗಿರಿಜಕ್ಕ ಅಂಗೈಲಿ ದೇವರನ್ನ ಹಿಡಿದು ಸಿಗ್ನಲ್ ಹುಡುಕ್ತಾ ಇದ್ದಾರೆ. ಇಲ್ಲಿ ಟವರ್ ಸಿಗ್ತಿಲ್ಲ. ದೇವರ ಚಾರ್ಜ್ ಬೇರೆ ಖಾಲಿ!" ಯಾರೋ ಇಬ್ಬರು ಬಿದ್ದು ಬಿದ್ದು ನಕ್ಕಿದ್ದರು.

ಮೈಯೆಲ್ಲ ಉರಿದುಹೋಯಿತು. ನನ್ನನ್ನು ಕುಳ್ಳಿ ಅನ್ನಲಿ, ಜಗಳಗಂಟಿ ಅನ್ನಲಿ, ಎರಡು ಕೊಟ್ಟು ಎರಡು ತಗೊಳ್ಳುತ್ತೇನೆ. ಇದು ಹಾಗಲ್ಲ. ಗಂಡ ಸತ್ತ ದಿನವೂ ನಾನು ಹಿಡಿದು ಕೂತದ್ದು ಇದನ್ನೇ. ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸಬೇಕೆಂದು ಸೀಟಿನ ಕಂಬಿ ಹಿಡಿದೆ. ಆಗ ಗಾಜು ಒರೆಸುತ್ತಿದ್ದ ಹೋವಾ ಕಣ್ಣ ಮುಂದೆ ಬಂದರು. ನಿನ್ನೆ ಅವರೆದುರು ಹಲ್ಲು ಕಿರಿದು ನಕ್ಕವರಲ್ಲಿ ನಾನೂ ಒಬ್ಬಳಲ್ಲವೇ? ಮತ್ತೆ ಕೂತೆ. ಊಟಕ್ಕೆ ನಿಲ್ಲಿಸಿದಾಗ ಅವನೊಬ್ಬನನ್ನೇ ಕರೆದು ಕೇಳೋಣ ಎಂದುಕೊಂಡೆ.

ಬಸ್ಸಿನಲ್ಲಿ, ಊಟಕ್ಕೆ ಮುಂಚೆ

ಅದಕ್ಕೂ ಮೊದಲೇ ಫೋನು ಬಂತು. ನನ್ನ ತಮ್ಮ ಮಲ್ಲೇಶ. ನನ್ನ ತವರಿನಲ್ಲಿ ಉಳಿದಿರುವವನು ಅವನೊಬ್ಬನೇ. ಊರಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ ಅದಿನ್ನೂ ಶನಿವಾರದ ಬೆಳಿಗ್ಗೆ. ಹಿಂದೆ ಸಂತೆಯ ಗಲಾಟೆ ಕೇಳುತ್ತಿತ್ತು.

"ಅಕ್ಕ, ನೀನೇನೂ ಮಾತಾಡ್ಬೇಡ. ನಾವು ನೋಡ್ಕತೀವಿ. ನಮ್ಮ ಸಮಾಜದ ಗ್ರೂಪಲ್ಲಿ ಎಲ್ರೂ ನೋಡವ್ರೆ. ಮೂರು ಪಿಕಪ್ ರೆಡಿ ಅವೆ, ಕುಶಾಲನಗರಕ್ಕೆ ಹೋಯ್ತಾ ಇದೀವಿ. ಅವ್ನ ಅಂಗಡೀಲಿ ಒಂದು ಮೂಟೇನೂ ನೆಟ್ಟಗಿರಾಕಿಲ್ಲ."

"ಅಂಗಡೀಲಿ ರೂಪ ಇರ್ತಾಳೆ ಕಣೋ" ಎಂದೆ. ರೂಪ ದಿನೇಶನ ಹೆಂಡತಿ. ನಾನು ಮೆಣಸು ಇಳಿಸಿದಾಗಲೆಲ್ಲ ಮಜ್ಜಿಗೆ ತಂದುಕೊಡುವವಳು.

"ಇರ್ಲಿ. ಗಂಡ ಏನು ಮಾಡವ್ನೆ ಅಂತ ಅವ್ಳಿಗೂ ಗೊತ್ತಾಗ್ಲಿ." ಫೋನಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಎರಡು ಸೀಟು ಮುಂದೆ ದಿನೇಶ ಫೋನನ್ನು ಕಿವಿಗೊತ್ತಿಕೊಂಡು ಎದ್ದು ನಿಂತಿದ್ದ. ಯಾರೋ ರೂಪಳಿಗೆ ಆಗಲೇ ಸುದ್ದಿ ಮುಟ್ಟಿಸಿದ್ದರು. ಅವಳ ಅಳು ನನಗೂ ಕೇಳುವಷ್ಟಿತ್ತು. ಅವನು ನನ್ನ ಸೀಟಿನ ಹತ್ತಿರ ಬಂದು ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕೂತ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಗಿರಿಜಕ್ಕ, ಅವಳು ಮಗಳನ್ನೂ ಅಂಗಡಿಗೆ ಕರ್ಕೊಂಡು ಬಂದಿದ್ದಾಳೆ. ನಾನಿಲ್ಲಿದ್ದೀನಿ. ಒಂದು ಮಾತು ಹೇಳಿ ಅವರಿಗೆ. ನಿಮ್ಮ ಮಾತು ಕೇಳ್ತಾರೆ."

ಅವನು ಹೆದರಿದ್ದನ್ನು ನೋಡಿ ನನಗೆ ಖುಷಿಯಾಯಿತು. ಅನುಭವಿಸು ಮಗನೇ ಎಂದುಕೊಂಡೆ. ಆ ಖುಷಿ ಎಷ್ಟು ಹೊತ್ತಿತ್ತೋ ಗೊತ್ತಿಲ್ಲ, ಇದ್ದದ್ದಂತೂ ನಿಜ. ಶಟರ್ ಎಳೆಯಲು ಒದ್ದಾಡುತ್ತಿರುವ ರೂಪ, ಅವಳ ಸೆರಗು ಹಿಡಿದ ಮಗು, ಕಲ್ಲು ಹಿಡಿದು ನಿಂತ ನನ್ನ ತಮ್ಮ, ಅವನ ಹಿಂದೆ ಪೊಲೀಸರ ಜೀಪು, ಎಲ್ಲ ಕಣ್ಣ ಮುಂದೆ ಬಂದು ಆ ಖುಷಿ ಬತ್ತಿಹೋಯಿತು. ಸಮಾಜದ ಗ್ರೂಪು ತೆರೆದೆ. ನೂರಾರು ಜನರಿರುವ ಗ್ರೂಪು. ಒಂದೇ ಸಮನೆ ಮೆಸೇಜು ಬೀಳುತ್ತಿತ್ತು, ಒಂದಕ್ಕಿಂತ ಒಂದು ಕೆಟ್ಟದ್ದು. ಮೈಕು ಒತ್ತಿ ಹಿಡಿದು ಮಾತಾಡಿದೆ.

"ಎಲ್ರೂ ಕೇಳಿ, ನಾನು ಗಿರಿಜ. ಅವ್ನು ನಕ್ಕಿದ್ದು ನನ್ನ ಅಂಗೈಲಿದ್ದ ಲಿಂಗ ನೋಡಿ. ನೋವಾಗಿರೋದು ನಂಗೆ, ಅವನನ್ನ ಕೇಳೋಳೂ ನಾನೇ. ಅಂಗಡೀಲಿ ಕೂತಿರೋ ಹೆಣ್ಣುಮಕ್ಕಳು ನಿಮಗೇನೂ ಮಾಡಿಲ್ಲ. ಇಷ್ಟು ಹೇಳಿದ್ಮೇಲೂ ಹೋಗ್ಲೇಬೇಕು ಅನ್ನೋರು ಹೋಗಿ. ಆದ್ರೆ ಲಿಂಗಕ್ಕೋಸ್ಕರ ಹೋಗೋರು ಬರಿ ಕೊರಳಲ್ಲಿ ಹೋಗ್ಬೇಡಿ. ಗಾಡಿ ಇಳ್ದು ಮನೆಗೆ ಹೋಗಿ, ಸ್ನಾನ ಮಾಡಿ, ಲಿಂಗ ಕಟ್ಕೊಂಡು, ಅಂಗೈಲಿಟ್ಟು ಪೂಜೆ ಮಾಡಿ, ಆಮೇಲೆ ಗಾಡಿ ಹತ್ತಿ. ನಿಮ್ಮಲ್ಲಿ ಎಷ್ಟು ಜನರ ಕೊರಳಲ್ಲಿ ಅದೆ ಅಂತ ನಂಗೆ ಗೊತ್ತಿಲ್ವಾ? ಮಲ್ಲೇಶ, ನಿಂದೆಲ್ಲಿ ಅದೆ ಅಂತ ಹೇಳ್ಲಾ? ದೇವರ ಮನೇಲಿ, ಕ್ಯಾಲೆಂಡರ್ ಹಿಂದುಗಡೆ ಮೊಳೇಲಿ ನೇತಾಡ್ತಾ ಅದೆ. ಅಪ್ಪ ಹೋದಾಗಿಂದ ಅದನ್ನ ಮುಟ್ಟಿಲ್ಲ ನೀನು. ಮೊದ್ಲು ಹೋಗಿ ಅದರ ಧೂಳು ಒರಸು."

ಕಳಿಸಿಬಿಟ್ಟೆ. ಚಪ್ಪಲಿಯ ಪಕ್ಕ ಟ್ರೇಯಲ್ಲಿಟ್ಟ ನನ್ನ ಲಿಂಗದ ವಿಷಯ ಅದರಲ್ಲಿ ಹೇಳಲಿಲ್ಲ. ಹೇಳಬೇಕೆಂದು ನೆನಪಾಗಲಿಲ್ಲ ಎಂದರೆ ಅದೂ ಸುಳ್ಳು.

ಗ್ರೂಪು ಥಟ್ಟನೆ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಹಿರಿಯರೊಬ್ಬರು "ತಾಯಿ ಹೇಳಿದ್ದು ಸರಿ" ಎಂದು ಬರೆದರು. ಯಾರೋ ಒಬ್ಬ ಗ್ರೂಪು ಬಿಟ್ಟು ಹೋದ. ದಿನೇಶ ನೆಲದ ಮೇಲೇ ಕೂತಿದ್ದ, ಬೋಜಮ್ಮ ಅವನ ಕೈಗೆ ನೀರಿನ ಬಾಟಲಿ ಕೊಟ್ಟಳು. ಕಿಟಕಿಯಾಚೆ ರಬ್ಬರ್ ತೋಟಗಳು ಮುಗಿಯುತ್ತಲೇ ಇರಲಿಲ್ಲ. ಅರ್ಧ ಗಂಟೆಯಾದ ಮೇಲೆ ಮಲ್ಲೇಶನ ಹೆಂಡತಿ ಶೋಭಾ ಫೋನು ಮಾಡಿದಳು.

"ಗಾಡಿ ಹತ್ತಿದ್ದೋರೆಲ್ಲ ಒಬ್ಬೊಬ್ರೇ ಇಳ್ದು ಹೋದ್ರಂತೆ ಅತ್ತಿಗೆ. ಡ್ರೈವರ್‌ಗಳು ಮೂರು ಜನ ಮಾತ್ರ ಉಳ್ಕಂಡವ್ರೆ. ಇವ್ರು ಮನೆಗೆ ಬಂದು ದೇವರ ಮನೆ ಬಾಗ್ಲು ಹಾಕ್ಕಂಡವ್ರೆ. ಕರೆದ್ರೂ ಮಾತಾಡ್ತಿಲ್ಲ."

ಬಸ್ಸಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಗೆದ್ದೆ ಎಂದು ನನಗೂ ಅನ್ನಿಸಿತು. ಶೋಭಾಳ ಕಡೆಯ ಮಾತು ಮಾತ್ರ ಕಿವಿಯಲ್ಲಿ ಉಳಿದು ಊಟ ಸೇರಲಿಲ್ಲ.

ಹಿಂದಿರುಗುವ ವಿಮಾನ

ದಿನೇಶ ಸೀಟು ಬದಲಿಸಿಕೊಂಡು ನನ್ನ ಪಕ್ಕ ಬಂದು ಕೂತ. ವಿಡಿಯೋ ಅಳಿಸಿದ್ದೇನೆ, ಕಳಿಸಿದ್ದ ಕಡೆಯಲ್ಲೆಲ್ಲ ತಪ್ಪಾಯಿತೆಂದು ಬರೆದಿದ್ದೇನೆ ಎಂದ.

"ತಮಾಷೆಗೆ ಮಾಡ್ದೆ ಅಕ್ಕ. ಇಷ್ಟೆಲ್ಲ ಆಗುತ್ತೆ ಅಂತ ಗೊತ್ತಿರ್ಲಿಲ್ಲ."

"ತಮಾಷೆಗೆ ಅಂತ ನಂಗೂ ಗೊತ್ತು. ನಂಗೆ ಬಾಳ ನೋವಾಯ್ತು ದಿನೇಶ. ಇಷ್ಟೆಲ್ಲ ಆಗ್ದೇ ಇದ್ದಿದ್ರೂ ನೋವಾಗ್ತಿತ್ತು. ಅದನ್ನ ಹೇಳೋದಿತ್ತು, ಹೇಳ್ದೆ."

ಅವನು ತಲೆ ತಗ್ಗಿಸಿದ. ಆಮೇಲೆ ನನ್ನ ಎದೆಯ ಮೇಲಿನ ಕರಡಿಗೆಯತ್ತ ಕೈ ತೋರಿಸಿ, "ಅದನ್ನ ನೋಡ್ತಾ ಏನು ಕೇಳ್ಕೊತೀರಿ ಅಕ್ಕ?" ಎಂದ. ಏನೂ ಕೇಳಿಕೊಳ್ಳುವುದಿಲ್ಲ, ಸುಮ್ಮನೆ ನೋಡುತ್ತೇನೆ ಎಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ. ಅವನ ಮೇಲಿನ ಸಿಟ್ಟು ಅಲ್ಲಿಗೆ ಮುಗಿಯಿತು. ಇನ್ನೊಂದು ಭಾರ ಎದೆಯಲ್ಲಿ ಕೂತಿತ್ತು, ಅದಕ್ಕೂ ದಿನೇಶನಿಗೂ ಸಂಬಂಧವಿರಲಿಲ್ಲ.

ಶನಿವಾರಸಂತೆ

ಬಂದ ಮರುದಿನವೇ ತವರಿಗೆ ಹೋದೆ. ಮಲ್ಲೇಶ ಪಡಸಾಲೆಯಲ್ಲಿ ಗೋಣಿ ಹಾಸಿಕೊಂಡು ಬಿತ್ತನೆಯ ಶುಂಠಿ ಮುರಿಯುತ್ತಿದ್ದ. ಅಂಗಿಯ ಸಂದಿಯಲ್ಲಿ ಶಿವದಾರ ಕಾಣುತ್ತಿತ್ತು. ಬಾ ಅನ್ನಲಿಲ್ಲ. ಎದುರಿಗೆ ಕೂತು ನಾನೂ ಎರಡು ಶುಂಠಿ ಮುರಿದೆ.

"ಅಪ್ಪನ್ನ ಗುಂಡಿಲಿ ಕೂರ್ಸಿದ್ ದಿನ ನಾನು ಬಂದು ಹೇಳಿದ್ದು ಯಾರಿಗೆ?" ಎಂದ, ತಲೆಯೆತ್ತದೆ.

"ನಂಗೆ."

"ಇನ್ಯಾರಿಗಾದ್ರೂ ಹೇಳಿದ್ನಾ? ಶೋಭಂಗೆ ಹೇಳಿದ್ನಾ?"

"ಇಲ್ಲ."

ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅವರ ಲಿಂಗವನ್ನು ಅವರದೇ ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಅಪ್ಪನ ಕೈಯಲ್ಲಿ ಇಟ್ಟವನು ಮಲ್ಲೇಶ. ಬೆರಳು ಮಡಿಸಲು ಬರಲಿಲ್ಲ, ಲಿಂಗ ಜಾರಿ ಜಾರಿ ಬೀಳುತ್ತಿತ್ತಂತೆ. ಮೂರು ಸಲ ಇಟ್ಟನಂತೆ. ಮನೆಗೆ ಬಂದವನೇ ತನ್ನದನ್ನು ಬಿಚ್ಚಿ ಮೊಳೆಗೆ ಹಾಕಿ, ಇದನ್ನ ಮುಟ್ಟಿದರೆ ಅಪ್ಪನ ತಣ್ಣನೆ ಕೈ ಮುಟ್ಟಿದ ಹಾಗಾಗುತ್ತದೆ ಅಕ್ಕ, ಕಟ್ಟಿಕೊಳ್ಳಲಾರೆ ಎಂದು ನನ್ನ ಹೆಗಲ ಮೇಲೆ ಅತ್ತಿದ್ದ. ಮನಸ್ಸು ಬಂದಾಗ ಕಟ್ಟಿಕೊಳ್ಳುವೆಯಂತೆ ಬಿಡು ಎಂದು ತಲೆ ಸವರಿದವಳು ನಾನೇ. ಬಸ್ಸಿನಲ್ಲಿ ಮೈಕು ಒತ್ತಿದಾಗ ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ, ತಾಗಲಿ ಎಂದೇ ಆಡಿದೆ.

"ತಪ್ಪಾಯ್ತು ಕಣೋ ಮಲ್ಲೇಶ" ಎಂದೆ.

ಶೋಭಾ ಕಾಫಿ ತಂದಿಟ್ಟು ನಮ್ಮಿಬ್ಬರನ್ನೂ ನೋಡಿ ಒಳಗೆ ಹೋದಳು. ಅವನು ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ.

"ಅಂಗಡಿ ಉಳೀತು, ಒಳ್ಳೇದಾಯ್ತು. ನಾನು ಜೈಲಿಗೋಗಾದೂ ತಪ್ತು. ಎಲ್ಲ ನಿನ್ನಿಂದ್ಲೇ, ಇಲ್ಲ ಅನ್ನಲ್ಲ" ಎಂದ. "ದಿನೇಶ ಆಡಿದ್ದು ಅವತ್ತೇ ಮರ್ತೋಯ್ತು ಕಣಕ್ಕ. ನೀನಾಡಿದ್ದು ಮರೆಯಾಕೆ ಆಯ್ತಾ ಇಲ್ಲ."